ಮೂರು ನಿಮಿಷದ ತಟ್ಟೆಯಲ್ಲಿ ಉಳಿದ ಸ್ವರ: ಉಸ್ತಾದ್ ಅಬ್ದುಲ್ ಕರೀಂ ಖಾನ್

ಹಬ್ಬದ ದಿನಗಳು ಸಮೀಪಿಸುತ್ತಿದ್ದಂತೆ ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಒಂದು ಚರ್ಚೆ ತಪ್ಪದೆ ನಡೆಯುತ್ತದೆ. ಹೊಸ ಟಿ.ವಿ. ಬಂದಾಯಿತು, ಇನ್ನು ಅದಕ್ಕೆ ತಕ್ಕ ಸ್ಪೀಕರ್ ಯಾವುದು? ಸಂಗೀತಕ್ಕೆ ಒಂದು, ಸಿನಿಮಾಕ್ಕೆ ಇನ್ನೊಂದು ಬೇಕೇ, ಅಥವಾ ಎರಡಕ್ಕೂ ಒಂದೇ ಸಾಕೇ? ಎಷ್ಟು ವ್ಯಾಟ್, ಎಷ್ಟು ಪೆಟ್ಟಿಗೆ, ಎಷ್ಟು ಬೆಲೆ? ಮೂರು ದಶಕ ಬ್ಯಾಂಕಿನಲ್ಲಿ ಅಂಕಿಗಳ ನಡುವೆಯೇ ಬದುಕಿದ ನನಗೆ ಈ ಪ್ರಶ್ನೆಗಳಿಗೆ ಅಂಕಿಗಳಲ್ಲಿಯೇ ಉತ್ತರ ಸಿಗಬಹುದೆಂಬ ನಂಬಿಕೆಯಿತ್ತು. ಆ ನಂಬಿಕೆಯನ್ನು ಸಡಿಲಿಸಿದವರು ತೀರಿಕೊಂಡು ಎಂಟು ದಶಕಗಳಿಗೂ ಮೀರಿದ ಒಬ್ಬ ಗಾಯಕರು.

ನಾಸಿಕದಲ್ಲಿ ನೆಲೆಸಿರುವ ನಮಗೆ ಛತ್ರಪತಿ ಸಂಭಾಜಿನಗರ ಎರಡನೆಯ ಮನೆ. ಅದು ಔರಂಗಾಬಾದ್ ಎಂಬ ಹೆಸರಿನಲ್ಲಿದ್ದಾಗ ಅಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿದ್ದೆ. ಈಗ ಮಗ ಉದ್ಯೋಗದ ನಿಮಿತ್ತ ಅಲ್ಲಿಯೇ ಮನೆ ಮಾಡಿದ್ದಾನೆ. ಹೊಸ ಮನೆಗೆ ಸ್ಪೀಕರ್ ಆರಿಸಲು ಬರಬೇಕೆಂದು ಆತ ಕರೆದಾಗ, ನನ್ನ ಹಾಗೂ ಎಂಬತ್ತು ದಾಟಿದ ನಮ್ಮ ತಾಯಿಯವರ ಪ್ರಯಾಣ ಯೇವಲಾ, ವೈಜಾಪುರಗಳ ಮಾರ್ಗವಾಗಿ ಸಾಗಿತು. ಅಂಗಡಿಯಲ್ಲಿ ಪರೀಕ್ಷಿಸಲು ಯಾವ ಹಾಡು ಹಾಕಬೇಕೆಂದು ಮಗ ಕೇಳಿದಾಗ ನಾನು ಹೇಳಿದ್ದು ಉಸ್ತಾದ್ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿ. ತೊಂಬತ್ತು ವರ್ಷ ಹಳೆಯದಾದ, ಕರಕರ ಸದ್ದು ತುಂಬಿದ ಧ್ವನಿಮುದ್ರಿಕೆಯಿಂದ ಇಂದಿನ ಯಂತ್ರವನ್ನು ಪರೀಕ್ಷಿಸುವುದೇ ಎಂದು ಆತ ನಕ್ಕ. ನಗುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಧ್ವನಿಯ ಹಿಂದಿನ ಬದುಕನ್ನು ಅರಿತವರಿಗೆ ನನ್ನ ಆಯ್ಕೆ ವಿಚಿತ್ರವಾಗಿ ತೋರದು. ಆ ಬದುಕನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಬ್ದುಲ್ ಕರೀಂ ಖಾನರು ಜನಿಸಿದ್ದು 1872ರ ನವೆಂಬರ್ 11ರಂದು, ಉತ್ತರ ಪ್ರದೇಶದ ಕಿರಾನಾ ಎಂಬ ಊರಿನಲ್ಲಿ. ಇಂದು ಶಾಮಲಿ ಜಿಲ್ಲೆಗೆ ಸೇರಿದ ಆ ಊರಿನ ಸಂಗೀತ ಮನೆತನಗಳು ಸಾರಂಗಿ ವಾದನಕ್ಕೆ ಹೆಸರಾಗಿದ್ದವು. ತಂದೆ ಕಾಲೇ ಖಾನರಿಂದಲೂ ಮನೆತನದ ಇತರ ಹಿರಿಯರಿಂದಲೂ ಬಾಲಕನಿಗೆ ಶಿಕ್ಷಣ ದೊರೆಯಿತು. ಗಾಯನದ ಜೊತೆಗೆ ಸಾರಂಗಿ, ವೀಣೆ, ಸಿತಾರ್, ತಬಲಾಗಳ ಪರಿಚಯವೂ ಆಯಿತು. ಸಾರಂಗಿಯು ಮನುಷ್ಯ ಕಂಠಕ್ಕೆ ಅತ್ಯಂತ ಸಮೀಪವಾದ ವಾದ್ಯ. ಅದರಲ್ಲಿ ಮೆಟ್ಟಿಲುಗಳಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಬೆರಳು ಕೂದಲೆಳೆಯಷ್ಟು ತಪ್ಪಿದರೂ ಕಿವಿಗೆ ಗೊತ್ತಾಗುತ್ತದೆ. ಆ ವಾದ್ಯದ ನಾದ ತುಂಬಿದ ಮನೆಯಲ್ಲಿ ಬೆಳೆದ ಬಾಲಕನಿಗೆ ಸ್ವರದ ನಿಖರತೆ ಎಂಬುದು ಕಲಿತ ವಿದ್ಯೆಯಾಗದೆ ಸ್ವಭಾವವೇ ಆಯಿತು. ಮುಂದೆ ಕಿರಾನಾ ಘರಾಣೆಯೆಂದರೆ ಸ್ವರಪ್ರಧಾನ ಗಾಯನ ಎಂಬ ಮಾತು ರೂಢಿಗೆ ಬರಲು ಅವರೂ ಅದೇ ಊರಿನ ಅಬ್ದುಲ್ ವಹೀದ್ ಖಾನರೂ ಮುಖ್ಯ ಕಾರಣರು.

ತರುಣ ಅಬ್ದುಲ್ ಕರೀಂ ಸಹೋದರನೊಡನೆ ಸಂಸ್ಥಾನದಿಂದ ಸಂಸ್ಥಾನಕ್ಕೆ ಸಂಚರಿಸುತ್ತ ಬಡೋದೆಗೆ ಬಂದರು. ಸಯ್ಯಾಜಿರಾವ್ ಗಾಯಕವಾಡರ ಆ ಆಸ್ಥಾನದಲ್ಲಿ ಕಲಾವಿದರಿಗೆ ಆಶ್ರಯವಿತ್ತು. ಅಲ್ಲಿಯೇ ಅವರ ಬದುಕಿನ ದಿಕ್ಕು ಬದಲಾಯಿತು. ಸರದಾರ ಮನೆತನಕ್ಕೆ ಸೇರಿದ ತಾರಾಬಾಯಿ ಮಾನೆ ಅವರ ಶಿಷ್ಯೆಯಾದರು, ಬಳಿಕ ಜೀವನಸಂಗಾತಿಯೂ ಆದರು. ಧರ್ಮ, ಅಂತಸ್ತುಗಳೆರಡನ್ನೂ ದಾಟಿದ ಆ ಸಂಬಂಧಕ್ಕೆ ಬಡೋದೆಯಲ್ಲಿ ಸ್ಥಳವಿರಲಿಲ್ಲ. ಇಬ್ಬರೂ ಆ ಸಂಸ್ಥಾನವನ್ನು ತೊರೆದು ಮುಂಬಯಿಗೆ, ಅಲ್ಲಿಂದ ಮಿರಜಿಗೆ ಬಂದರು. ಆಸ್ಥಾನದ ಭದ್ರತೆಯನ್ನು ಬಿಟ್ಟ ಗಾಯಕನಿಗೆ ಇನ್ನು ಉಳಿದದ್ದು ತನ್ನ ಕಂಠ ಮತ್ತು ಅದನ್ನು ಕೇಳುವ ಸಾಮಾನ್ಯ ಜನ.

ಮಿರಜು ಅವರಿಗೆ ಒದಗಿ ಬಂದ ಊರು. ಅಲ್ಲಿ ಖ್ವಾಜಾ ಶಮ್ನಾ ಮೀರಾಸಾಹೇಬರ ದರ್ಗಾ ಇದೆ, ತಂಬೂರಿ ಮತ್ತು ಸಿತಾರ್ ತಯಾರಿಸುವ ಕುಶಲಕರ್ಮಿಗಳ ಕೇರಿಯಿದೆ. ಮಿರಜಿನ ತಂಬೂರಿ, ಸಿತಾರುಗಳಿಗೆ 2024ರಲ್ಲಿ ಭೌಗೋಳಿಕ ಗುರುತು ದೊರೆತದ್ದನ್ನು ಓದುಗರು ಪತ್ರಿಕೆಗಳಲ್ಲಿ ಗಮನಿಸಿರಬಹುದು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲೆಳೆಯನ್ನು ಸರಿಸಿ ಇಡುತ್ತಾರೆ. ಅದು ಸರಿಯಾದ ಸ್ಥಳದಲ್ಲಿ ಕುಳಿತಾಗ ತಂತಿಯ ನಾದ ಅರಳಿ, ಒಂದೇ ಮೀಟಿನಿಂದ ಹಲವು ಸ್ವರಗಳು ಸೂಕ್ಷ್ಮವಾಗಿ ಹೊಮ್ಮುತ್ತವೆ. ಇದಕ್ಕೆ ಜವಾರಿ ಎಂದು ಹೆಸರು. ತಂಬೂರಿಯನ್ನು ಶ್ರುತಿಗೊಳಿಸುವುದರಲ್ಲಿ ಖಾನ್ ಸಾಹೇಬರ ತಾಳ್ಮೆ ಅಸಾಧಾರಣವಾಗಿತ್ತೆಂದೂ, ವಾದ್ಯಗಳನ್ನು ಸ್ವತಃ ದುರಸ್ತಿ ಮಾಡುವ ಹವ್ಯಾಸ ಅವರಿಗಿತ್ತೆಂದೂ ಹೇಳುತ್ತಾರೆ. ಅವರ ಹಾಡು ತಂಬೂರಿಯ ಮೇಲೆ ನಿಂತದ್ದಲ್ಲ, ತಂಬೂರಿಯೊಳಗಿನಿಂದ ಹುಟ್ಟಿದ್ದು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಸ್ಪೀಕರಿನ ಪರೀಕ್ಷೆಗೆ ಬಂದಾಗ ಇದು ಉಪಯೋಗಕ್ಕೆ ಬರುತ್ತದೆ.

ಭಾರತಕ್ಕೆ ಗ್ರಾಮಫೋನ್ ಧ್ವನಿಮುದ್ರಣ ಬಂದದ್ದು ಇದೇ ಕಾಲದಲ್ಲಿ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ಬಳಿಕ ಕಂಪನಿಯವರು ಊರೂರು ಸುತ್ತಿ ಗಾಯಕರನ್ನು ಹುಡುಕಿದರು. ಅನೇಕ ಉಸ್ತಾದರು ಹಿಂಜರಿದರು. ಕಂಠವನ್ನು ಯಂತ್ರಕ್ಕೆ ಕೊಟ್ಟರೆ ವಿದ್ಯೆ ಬೀದಿಪಾಲಾಗುತ್ತದೆಂಬ ಭಯ ಕೆಲವರಿಗೆ, ಕಂಠವೇ ಹೋಗುತ್ತದೆಂಬ ಭಯ ಇನ್ನು ಕೆಲವರಿಗೆ. ಖಾನ್ ಸಾಹೇಬರು ಆ ದಶಕದ ನಡುವಿನಲ್ಲಿಯೇ ಹಾಡಿ ಮುದ್ರಿಸಿದರು. ಆಗ ಮೈಕ್ ಇರಲಿಲ್ಲ. ತಗಡಿನ ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಹಾಡಬೇಕು. ದನಿಯ ಒತ್ತಡಕ್ಕೆ ಕಹಳೆಯ ತುದಿಯಲ್ಲಿನ ತೆಳು ಪೊರೆ ನಡುಗಿ, ಅದಕ್ಕೆ ಅಂಟಿದ ಸೂಜಿ ಮೇಣದ ಮೇಲೆ ಗೆರೆ ಕೊರೆಯುವುದು. ಕಂಠದ ನಡುಭಾಗ ಮಾತ್ರ ಅದರಲ್ಲಿ ಉಳಿಯುತ್ತಿತ್ತು. ತೀರ ಕೆಳಗಿನ ನಾದವೂ, ತಂಬೂರಿಯ ಮೇಲ್‌ಸ್ವರಗಳ ಹೊಳಪೂ ಕಳೆದುಹೋಗುತ್ತಿದ್ದವು. ಗಟ್ಟಿ ಗಂಟಲಿನವರಿಗೆ ಅನುಕೂಲವಾಗಿದ್ದ ಆ ಯಂತ್ರ ಖಾನ್ ಸಾಹೇಬರಂಥ ಮೃದು ಕಂಠಕ್ಕೆ ಒಲಿಯುವಂಥದ್ದಲ್ಲ.

1913ರಲ್ಲಿ ಅವರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಆರಂಭಿಸಿದರು. ಬಡ ವಿದ್ಯಾರ್ಥಿಗಳಿಗೆ ಊಟ, ವಸತಿಗಳ ಸಹಿತ ವಿದ್ಯಾದಾನ ಮಾಡುವುದು ಅವರ ಧ್ಯೇಯವಾಗಿತ್ತು. ಖರ್ಚಿಗಾಗಿ ಕಛೇರಿಗಳನ್ನು ಏರ್ಪಡಿಸಿ ದುಡಿದರು. ಮುಂಬಯಿಯ ಒಂದು ಕಾರ್ಯಕ್ರಮದಲ್ಲಿ ಅವರು ಸಾಕಿದ್ದ ಟೀಪು ಎಂಬ ನಾಯಿಯೂ ಸ್ವರಕ್ಕೆ ದನಿಗೂಡಿಸಿತೆಂಬ ಕಥೆ ಇಂದಿಗೂ ಸಂಗೀತಗಾರರ ನಡುವೆ ನಗೆಯೊಡನೆ ಓಡಾಡುತ್ತದೆ. ಗ್ರಾಮಫೋನ್ ಕಹಳೆಯ ಮುಂದೆ ಕುಳಿತು ಯಜಮಾನನ ದನಿ ಆಲಿಸುವ ನಾಯಿಯ ಚಿತ್ರ ನಮಗೆಲ್ಲ ಗೊತ್ತು. ಖಾನ್ ಸಾಹೇಬರ ನಾಯಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತೆನ್ನಬೇಕು!

ನಾಸಿಕದವರಾದ ನಾವು ಇಲ್ಲಿ ಇನ್ನೊಬ್ಬ ಮಹನೀಯರನ್ನು ನೆನೆಯದೆ ಇರಲಾಗದು. ಅದೇ 1872ರಲ್ಲಿ ಕುರುಂದವಾಡದಲ್ಲಿ ಜನಿಸಿದ ಪಂಡಿತ ವಿಷ್ಣು ದಿಗಂಬರ ಪಲುಸ್ಕರರು ಮಿರಜಿನಲ್ಲಿ ಸಂಗೀತ ಕಲಿತು, 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ, ಕೊನೆಯ ವರ್ಷಗಳಲ್ಲಿ ನಾಸಿಕದಲ್ಲಿ ರಾಮನಾಮ ಆಧಾರ ಆಶ್ರಮವನ್ನು ಕಟ್ಟಿಕೊಂಡು ನೆಲೆಸಿದರು. 1931ರಲ್ಲಿ ಅವರು ದೇಹಬಿಟ್ಟದ್ದು ಮಿರಜಿನಲ್ಲಿ. ಒಂದೇ ವರ್ಷ ಹುಟ್ಟಿದ ಈ ಇಬ್ಬರೂ ಸಂಗೀತವನ್ನು ಅರಮನೆಯಿಂದ ಜನರ ಬಳಿಗೆ ತಂದರು. ದಾರಿ ಮಾತ್ರ ಬೇರೆ. ಪಲುಸ್ಕರರು ಕಾಂಗ್ರೆಸ್ ಅಧಿವೇಶನಗಳ ಮಹಾಸಭೆಗಳಲ್ಲಿ ಹಾಡಿದವರು. ಖಾನ್ ಸಾಹೇಬರ ಗಾಯನವನ್ನು ಸವಿಯಲು ಕೇಳುಗನೇ ತುಸು ಹತ್ತಿರ ಸರಿದು, ಸುಮ್ಮನಾಗಿ ಕಿವಿಗೊಡಬೇಕು.

ಆ ಕಂಠದ ನಿಖರತೆ ವಿದ್ವಾಂಸರ ಗಮನವನ್ನೂ ಸೆಳೆಯಿತು. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಮತ್ತು ಐ.ಸಿ.ಎಸ್. ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ಭಾರತೀಯ ಸಂಗೀತದ 22 ಶ್ರುತಿಗಳನ್ನು ಅಳೆದು ಸ್ಥಾಪಿಸಲು ಯತ್ನಿಸುತ್ತಿದ್ದರು. ಅವರ ಪ್ರಯೋಗಗಳಿಗೆ ಖಾನ್ ಸಾಹೇಬರು ತಮ್ಮ ಗಾಯನದ ನೆರವು ನೀಡಿದರು. 22 ಶ್ರುತಿಗಳ ಹಾರ್ಮೋನಿಯಂ ಒಂದು ಸಿದ್ಧವಾಗಿ, 1916ರ ಬಡೋದೆಯ ಅಖಿಲ ಭಾರತ ಸಂಗೀತ ಪರಿಷತ್ತಿನಲ್ಲಿ ಚರ್ಚೆಗೆ ಬಂತು. ಭಾತಖಂಡೆಯವರ ಪಕ್ಷ ಅದನ್ನು ಒಪ್ಪಲಿಲ್ಲ. ವಾದದ ಜಯಾಪಜಯ ಏನೇ ಇರಲಿ, ಒಂದು ಅಂಶ ಗಮನಾರ್ಹ. ಕಂಠ ಸರಿಯಿದೆಯೇ ಎಂದು ಯಂತ್ರದಿಂದ ನೋಡಲಿಲ್ಲ. ಯಂತ್ರ ಸರಿಯಿದೆಯೇ ಎಂಬುದಕ್ಕೆ ಕಂಠವೇ ಸಾಕ್ಷಿಯಾಯಿತು. ಸ್ಪೀಕರ್ ಕೊಳ್ಳಲು ಹೊರಟವನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಕನ್ನಡಿಗರ ಪಾಲಿಗೆ ಖಾನ್ ಸಾಹೇಬರ ಬದುಕಿನ ಅಮೂಲ್ಯ ಅಧ್ಯಾಯ ಇನ್ನು ಮುಂದಿನದು. ಮೈಸೂರಿನ ಆಸ್ಥಾನ ಅವರನ್ನು ಗೌರವಿಸಿತು. ಮಿರಜಿನಿಂದ ಮೈಸೂರಿಗೆ ಹೋಗಿಬರುವ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿ ಸೀಮೆ ಅವರ ತಂಗುದಾಣವಾಯಿತು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅವರು ಇಳಿದುಕೊಳ್ಳುತ್ತಿದ್ದರು. ಆ ಊರಿನ ತರುಣ ರಾಮಚಂದ್ರ ಗಣೇಶ ಕುಂದಗೋಳಕರ ಅವರ ಶಿಷ್ಯನಾದ. ಹರೆಯದಲ್ಲಿ ದನಿ ಒಡೆದು ಒರಟಾಗಿದ್ದ ಆತನನ್ನು ಎಂಟು ವರ್ಷ ಬಿಟ್ಟುಹೋಗದೆ ಕಲಿಯಬೇಕೆಂಬ ಕರಾರಿನ ಮೇಲೆ ಒಪ್ಪಿಕೊಂಡರೆಂದು ಹೇಳುತ್ತಾರೆ. ಒಂದೇ ಸ್ವರವನ್ನು ತಿಂಗಳುಗಟ್ಟಲೆ ತಿದ್ದುವ ಆ ಪಾಠದಿಂದ ಹೊರಬಂದವರೇ ಸವಾಯಿ ಗಂಧರ್ವರು. ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು, ಫಿರೋಜ್ ದಸ್ತೂರ್ ಮೊದಲಾದವರು ಕಲಿತರು. ಉತ್ತರದ ಕಿರಾನಾದಲ್ಲಿ ಹುಟ್ಟಿದ ಸ್ವರಧಾರೆ ಕುಂದಗೋಳದ ಕಪ್ಪು ಮಣ್ಣಿನಲ್ಲಿ ಬೇರೂರಿದ್ದು ಹೀಗೆ.

ಅವರು ಕೊಟ್ಟದ್ದಷ್ಟೇ ಅಲ್ಲ, ಇಲ್ಲಿಂದ ಪಡೆದದ್ದೂ ಉಂಟು. ಕರ್ನಾಟಕ ಸಂಗೀತವನ್ನು ಶ್ರದ್ಧೆಯಿಂದ ಆಲಿಸಿ ಅದರ ಸ್ವರಪ್ರಸ್ತಾರವನ್ನು ತಮ್ಮ ಖಯಾಲಿನಲ್ಲಿ ಅಳವಡಿಸಿದರು. ಖರಹರಪ್ರಿಯ ರಾಗದಲ್ಲಿ ತ್ಯಾಗರಾಜರ ಕೃತಿಯೊಂದನ್ನು ಹಾಡಿ ಮುದ್ರಿಸಿದರು. ಉರ್ದು ಮನೆಮಾತಿನ ಉಸ್ತಾದರೊಬ್ಬರು ಬ್ರಜ್ ಭಾಷೆಯ ಠುಮ್ರಿ, ಮರಾಠಿ ನಾಟ್ಯಗೀತೆ, ತೆಲುಗಿನ ಕೃತಿ ಮೂರನ್ನೂ ಒಂದೇ ಭಕ್ತಿಯಿಂದ ಹಾಡಿದ್ದು, ಹೊರನಾಡಿನಲ್ಲಿ ನೆಲೆಸಿ ಎರಡು ಮೂರು ಭಾಷೆಗಳ ನಡುವೆ ಬಾಳುವ ನಮ್ಮಂಥವರಿಗೆ ಆಪ್ತವೆನಿಸುವ ಸಂಗತಿ.

ಆದರೆ ಊರೂರುಗಳಲ್ಲಿ ಮನೆ ಕಂಡ ಈ ಗಾಯಕರ ಸ್ವಂತ ಮನೆ ಮುರಿಯಿತು. 1920ರ ದಶಕದ ಆರಂಭದಲ್ಲಿ ತಾರಾಬಾಯಿಯವರು ಐದು ಮಕ್ಕಳೊಡನೆ ಅವರನ್ನು ಬಿಟ್ಟು ಬೇರೆಯಾದರು. ಮಕ್ಕಳು ತಂದೆಯ ಹೆಸರನ್ನು ಬಿಟ್ಟು ಬೇರೆ ಹೆಸರುಗಳಲ್ಲಿ ಬೆಳೆದರು. ಹಿರಿಯ ಮಗ ಸುರೇಶಬಾಬು ಮಾನೆ, ಮಗಳು ಹೀರಾಬಾಯಿ ಬಡೋದೇಕರ್, ಕಿರಿಯ ಮಗಳು ಸರಸ್ವತಿ ರಾಣೆ ಇವರೆಲ್ಲ ಮುಂದೆ ದೊಡ್ಡ ಕಲಾವಿದರಾದರು. ತಂದೆಯೋ ಮಿರಜಿನಲ್ಲಿ, ಶಿಷ್ಯರ ನಡುವೆ. ಗ್ರಾಮಫೋನ್ ಕಾಲದ ರಸಿಕರ ಮನೆಗಳಲ್ಲಿ ತಂದೆಯ ತಟ್ಟೆ, ಮಗಳ ತಟ್ಟೆ ಒಂದೇ ಕಪಾಟಿನಲ್ಲಿ ಒತ್ತಾಗಿ ಕುಳಿತಿರುತ್ತಿದ್ದವು. ಬದುಕು ಬೇರ್ಪಡಿಸಿದವರನ್ನು ಕೇಳುಗರು ಹೀಗೆ ತಮಗರಿಯದೆಯೇ ಒಂದುಗೂಡಿಸಿದ್ದರು.

ಈ ನಡುವೆ ಧ್ವನಿಯ ಯಂತ್ರ ತಾನೂ ಬದಲಾಗಿತ್ತು. 1925ರಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಕಹಳೆಯ ಬದಲು ಮೈಕ್ ಬಳಸುವ ವಿದ್ಯುತ್ ಧ್ವನಿಮುದ್ರಣ ರೂಢಿಗೆ ಬಂತು. ಅದೇ ವರ್ಷ ಅಮೆರಿಕದಲ್ಲಿ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಎಂಜಿನಿಯರುಗಳು ಆಯಸ್ಕಾಂತದ ನಡುವೆ ತಂತಿಯ ಸುರುಳಿಯೊಂದು ಕಾಗದದ ಶಂಕುವನ್ನು ಹಿಂದೆ ಮುಂದೆ ನೂಕುವ ಧ್ವನಿವರ್ಧಕವನ್ನು ಪ್ರಕಟಿಸಿದರು. ಇಂದು ನಮ್ಮ ಮನೆಗಳಿಗೆ ಬರುವ ಬಹುತೇಕ ಸ್ಪೀಕರುಗಳ ಒಡಲಲ್ಲಿರುವುದು ಅದೇ ವಿನ್ಯಾಸ. ಶಂಕು ಪ್ಲಾಸ್ಟಿಕ್ಕಿನದಾಗಿರಬಹುದು, ಪೆಟ್ಟಿಗೆ ಹೊಳೆಯಬಹುದು, ತತ್ತ್ವ ಮಾತ್ರ ಹಳೆಯದೇ. ಅರವತ್ತು ದಾಟಿದ ಖಾನ್ ಸಾಹೇಬರು 1930ರ ದಶಕದ ನಡುವಿನಲ್ಲಿ ಓಡಿಯನ್ ಕಂಪನಿಗಾಗಿ ಮೈಕಿನ ಮುಂದೆ ಹಾಡಿದರು. ಝಿಂಝೋಟಿ, ಭೈರವಿಯ ಠುಮ್ರಿಗಳು, ಬಸಂತ್, ಶುದ್ಧ ಕಲ್ಯಾಣ್ ಮೊದಲಾದ ರಾಗಗಳು ನಮಗೆ ಉಳಿದದ್ದು ಹೀಗೆ. ಇನ್ನು ದನಿ ಎತ್ತರಿಸುವ ಅಗತ್ಯವಿರಲಿಲ್ಲ. ಆ ಮೃದು ಕಂಠ ಇದ್ದ ಹಾಗೆಯೇ ಮೇಣದ ಮೇಲೆ ಇಳಿಯಿತು. ತಟ್ಟೆಯ ಒಂದು ಬದಿಗೆ ಮೂರು ನಿಮಿಷದ ಆಸುಪಾಸು ಮಾತ್ರ ಅವಕಾಶ. ಕಛೇರಿಯಲ್ಲಿ ಗಂಟೆಗಟ್ಟಲೆ ಅರಳಿಸುವ ರಾಗವನ್ನು ಅವರು ಅಷ್ಟರಲ್ಲಿ ಅವಸರವಿಲ್ಲದೆ ಹಾಡಿ ಮುಗಿಸಿದರು.

ಅವರ ತಟ್ಟೆಗಳು ಎಲ್ಲಿಗೆ ತಲುಪಿದವು ಎಂಬುದಕ್ಕೆ ಗದಗದ ಕಥೆಯೊಂದೇ ಸಾಕು. ಶಾಲೆಗೆ ಹೋಗಿಬರುವ ಹುಡುಗನೊಬ್ಬ ಅಂಗಡಿಯ ಗ್ರಾಮಫೋನಿನಲ್ಲಿ ಖಾನ್ ಸಾಹೇಬರ ಗಾಯನ ಕೇಳಿ ಅಲ್ಲಿಯೇ ನಿಂತುಬಿಡುತ್ತಿದ್ದ. ಹಾಗೆ ಹಾಡಬೇಕೆಂಬ ಹಂಬಲ ಹತ್ತಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೊರಟ. ಗ್ವಾಲಿಯರ್, ಜಾಲಂಧರಗಳನ್ನು ಸುತ್ತಿ ಕಡೆಗೆ ಗುರುವನ್ನು ಕಂಡದ್ದು ಮನೆಗೆ ಸಮೀಪದ ಕುಂದಗೋಳದಲ್ಲಿ, ಸವಾಯಿ ಗಂಧರ್ವರಲ್ಲಿ. ಆ ಹುಡುಗನೇ 2008ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾದ ಪಂಡಿತ ಭೀಮಸೇನ ಜೋಶಿ. ಅಂಗಡಿಯ ಆ ಯಂತ್ರಕ್ಕೆ ಕೆಳಸ್ವರದ ಗುಡುಗಿರಲಿಲ್ಲ, ಸುತ್ತುವರಿಯುವ ನಾದವಿರಲಿಲ್ಲ. ಇದ್ದದ್ದು ನಡುವಿನ ಒಂದಿಷ್ಟು ದನಿ ಮಾತ್ರ. ಬಾಲಕನೊಬ್ಬನ ಬಾಳನ್ನೇ ತಿರುಗಿಸಲು ಅಷ್ಟು ಸಾಕಾಯಿತು.

ಸಿನಿಮಾ ಜಗತ್ತಿಗೂ ಅವರ ಪ್ರಭಾವ ಹರಿಯಿತು. ಅವರು ಜನಪ್ರಿಯಗೊಳಿಸಿದ ಝಿಂಝೋಟಿಯ ಠುಮ್ರಿಯನ್ನೇ ಕುಂದನಲಾಲ್ ಸೈಗಲ್ 1930ರ ದಶಕದ ಹಿಂದಿ ದೇವದಾಸ್ ಚಿತ್ರದಲ್ಲಿ ಹಾಡಿದರು. ಮಗಳು ಸರಸ್ವತಿ ರಾಣೆ 1943ರ ರಾಮರಾಜ್ಯ ಚಿತ್ರಕ್ಕೆ ಹಾಡಿದ ವೀಣೆಯ ಗೀತೆ ಮನೆಮಾತಾಯಿತು. ಶಿಷ್ಯೆ ರೋಶನ್ ಆರಾ ಬೇಗಂ ಕೂಡ ಚಿತ್ರಗಳಿಗೆ ದನಿ ನೀಡಿದರು. ಸಂಗೀತದ ಸ್ಪೀಕರ್ ಬೇರೆ, ಸಿನಿಮಾದ ಸ್ಪೀಕರ್ ಬೇರೆ ಎನ್ನುವವರು ಈ ಒಂದು ಕುಟುಂಬದ ಚರಿತ್ರೆಯನ್ನು ಗಮನಿಸಬೇಕು. ಎರಡರಲ್ಲೂ ಕೇಂದ್ರದಲ್ಲಿರುವುದು ಮನುಷ್ಯನ ದನಿ.

1937ರ ಅಕ್ಟೋಬರ್ ತಿಂಗಳು. ಮದ್ರಾಸಿನ ಕಛೇರಿಗಳನ್ನು ಮುಗಿಸಿ ಖಾನ್ ಸಾಹೇಬರು ಶಿಷ್ಯರೊಡನೆ ರೈಲಿನಲ್ಲಿ ಪಾಂಡಿಚೇರಿಗೆ ಹೊರಟಿದ್ದರು. ಅರವಿಂದಾಶ್ರಮದಿಂದ ಆಹ್ವಾನ ಬಂದಿತ್ತು. ದಾರಿಯಲ್ಲಿ ಎದೆನೋವು ಕಾಣಿಸಿತು. ಚೆಂಗಲ್ಪಟ್ಟು ಸಮೀಪದ ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿದರು. ರಾತ್ರಿಯ ಹೊತ್ತು, ಫಲಾಟಿನ ಮೇಲೆ ಹಾಸಿಗೆ ಹಾಸಿಸಿ, ತಂಬೂರಿ ಶ್ರುತಿಗೊಳಿಸಲು ಹೇಳಿ, ದರ್ಬಾರಿಯಲ್ಲಿ ಪ್ರಾರ್ಥನೆ ಸಲ್ಲಿಸುತ್ತ ಕಣ್ಣು ಮುಚ್ಚಿದರೆಂದು ಹೇಳುತ್ತಾರೆ. ಅಂದು ಅಕ್ಟೋಬರ್ 27. ಪಾರ್ಥಿವ ಶರೀರವನ್ನು ಮಿರಜಿಗೆ ತಂದು ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಸಮಾಧಿ ಮಾಡಲಾಯಿತು. ಅಲ್ಲಿನ ಉರುಸಿನಲ್ಲಿ ಅವರ ಸ್ಮರಣೆಯ ಸಂಗೀತೋತ್ಸವ ನಡೆದುಕೊಂಡು ಬಂದಿದೆ.

ಇನ್ನು ಸಂಭಾಜಿನಗರದ ಅಂಗಡಿಗೆ ಬರೋಣ. ಅಲ್ಲಿನ ತರುಣ ಮೊದಲು ಹಾಕಿದ್ದು ಹೊಡೆದಾಟದ ಚಿತ್ರವೊಂದರ ಸ್ಫೋಟದ ದೃಶ್ಯ. ಕುರ್ಚಿ ನಡುಗಿತು, ಮಗನ ಮುಖ ಅರಳಿತು. ಮುಂದಿನ ಜೋಡಿಯ ದನಿ ತುಸು ತಗ್ಗಿದ್ದರಿಂದ ಅದು ಸಪ್ಪೆಯೆನಿಸಿತು. ಇಲ್ಲಿಯೇ ಎಚ್ಚರ ಬೇಕು. ಎರಡು ಸ್ಪೀಕರುಗಳಲ್ಲಿ ಹೆಚ್ಚು ಜೋರಾಗಿ ನುಡಿಯುವುದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ಮೊಬೈಲಿನಲ್ಲಿ ಧ್ವನಿ ಅಳೆಯುವ ಸಾಧನಗಳು ಸಿಗುತ್ತವೆ. ಎರಡೂ ಜೋಡಿಗಳನ್ನು ಒಂದೇ ಮಟ್ಟಕ್ಕೆ ತಂದು ಮತ್ತೆ ಕೇಳಿದೆವು. ಸಪ್ಪೆಯೆನಿಸಿದ್ದು ಈಗ ಸ್ಪಷ್ಟವೆನಿಸತೊಡಗಿತು.

ಬಳಿಕ ಖಾನ್ ಸಾಹೇಬರ ಸರದಿ. ಆ ಕಾಲದ ತಟ್ಟೆಗಳಲ್ಲಿ ಉಳಿದಿರುವುದು ಸುಮಾರು 5,000 ಹರ್ಟ್ಜ್ ಆಸುಪಾಸಿನವರೆಗಿನ ನಾದ. ಮನುಷ್ಯನ ಕಿವಿಯ ಮೇಲ್ಮಿತಿ 20,000. ಹಾಗಾದರೆ ಆ ಮುದ್ರಿಕೆ ತುತ್ತತುದಿಯ ಹೊಳಪನ್ನಾಗಲಿ ಪಾತಾಳದ ಗುಡುಗನ್ನಾಗಲಿ ಪರೀಕ್ಷಿಸಲಾರದು, ನಿಜ. ಅದಕ್ಕೆ ಹೊಸ ಮುದ್ರಿಕೆಗಳನ್ನೂ ಕೇಳಲೇಬೇಕು. ಆದರೆ ಮಾತು, ಹಾಡುಗಳ ಜೀವವಿರುವ ನಡುಭಾಗವನ್ನು ಅದು ನಿಷ್ಠುರವಾಗಿ ಬಯಲಿಗಿಡುತ್ತದೆ. ಒಳ್ಳೆಯ ಜೋಡಿಯಲ್ಲಿ ಕರಕರ ಸದ್ದು ಒಂದು ಕಡೆ, ಕಂಠ ಇನ್ನೊಂದು ಕಡೆ ಎಂಬಂತೆ ಬೇರ್ಪಟ್ಟು, ಹಿಂದಿನ ತಂಬೂರಿಯ ಎಳೆ ಸಣ್ಣಗೆ ಕಾಣುತ್ತದೆ. ಕಳಪೆ ಜೋಡಿಯಲ್ಲಿ ಮೂರೂ ಕಲಸಿ ಹೋಗುತ್ತವೆ. ಇನ್ನೊಂದು ಉಪಯೋಗವೂ ಉಂಟು. ಅದು ಒಂದೇ ಮೈಕಿನ ಮುದ್ರಣ. ಎಡಬಲದ ಸ್ಪೀಕರುಗಳು ಸಮನಾಗಿದ್ದು, ಎರಡರಿಂದಲೂ ಸಮದೂರದಲ್ಲಿ ಕುಳಿತರೆ ದನಿ ಅವೆರಡರ ನಡುವಿನ ಒಂದೇ ಬಿಂದುವಿನಿಂದ ಬಂದಂತೆ ಭಾಸವಾಗಬೇಕು. ಆ ಬಿಂದು ಪಕ್ಕಕ್ಕೆ ಸರಿದರೆ ಇಟ್ಟ ಜಾಗ ತಪ್ಪಿದೆ, ಇಲ್ಲವೇ ಜೋಡಿಯೇ ಸರಿಹೊಂದಿಲ್ಲ ಎಂದು ತಿಳಿಯಬಹುದು.

ಮರುದಿನ ವೇರೂಳಕ್ಕೆ ಹೋದೆವು. ರಾಷ್ಟ್ರಕೂಟರ ಕೈಲಾಸವನ್ನು ಕಂಡಾಗ ಕನ್ನಡಿಗನ ಎದೆ ತುಂಬಿ ಬರುವುದು ಸಹಜ. ಆದರೆ ಅಂದು ನನ್ನನ್ನು ಹಿಡಿದು ನಿಲ್ಲಿಸಿದ್ದು ಹತ್ತನೆಯ ಗುಹೆ. ಮರದ ತೊಲೆಗಳಂತೆ ಕೆತ್ತಿದ ಆ ಕಲ್ಲಿನ ಕಮಾನಿನ ಕೆಳಗೆ ಯಾರೋ ಮೆಲ್ಲನೆ ಓಂಕಾರ ಹೇಳಿದರು. ಅದು ತುಂಬ ಹೊತ್ತು ಗಾಳಿಯಲ್ಲಿಯೇ ಉಳಿಯಿತು. ಮಂತ್ರಕ್ಕೆ ಅದು ಭೂಷಣ. ಅವಸರದ ಸಂಭಾಷಣೆಗಾದರೋ ಒಂದು ಪದದ ಮೇಲೆ ಇನ್ನೊಂದು ಬಿದ್ದು ಅರ್ಥವೇ ಆಗದು. ಬರಿಯ ಗೋಡೆ, ನುಣುಪು ಟೈಲ್ಸ್, ಗಾಜಿನ ಕಿಟಕಿಗಳ ನಮ್ಮ ಹೊಸ ಮನೆಗಳೂ ಸಣ್ಣ ಗುಹೆಗಳೇ ಅಲ್ಲವೇ? ಸ್ಪೀಕರ್ ಎಷ್ಟೇ ದುಬಾರಿಯಾದರೂ ಅರ್ಧ ಕೆಲಸ ಕೋಣೆಯದು. ಒಂದು ದಪ್ಪ ಜಮಖಾನೆ, ದಪ್ಪ ಪರದೆ, ಪುಸ್ತಕ ತುಂಬಿದ ಕಪಾಟು ಮಾಡುವ ಉಪಕಾರ ಸಣ್ಣದಲ್ಲ. ಸ್ಪೀಕರನ್ನು ಮೂಲೆಗೆ ನೂಕಿದರೆ ಕೆಳಸ್ವರ ಉಬ್ಬಿ ಮಾತನ್ನು ನುಂಗುತ್ತದೆ. ಗೋಡೆಯಿಂದ ತುಸು ಮುಂದಕ್ಕೆ, ಕುಳಿತವರ ಕಿವಿಯ ಎತ್ತರಕ್ಕೆ ಇಡುವುದು ಲೇಸು.

ಅಂಗಡಿಯವರು ಸೌಜನ್ಯದಿಂದ ಎರಡು ಜೋಡಿಗಳನ್ನು ಎರಡು ದಿನ ಮನೆಯಲ್ಲಿ ಇಟ್ಟು ನೋಡಲು ಕೊಟ್ಟರು. ಕೊಳ್ಳುವ ಪ್ರತಿಯೊಬ್ಬರೂ ಈ ಅನುಕೂಲವನ್ನು ಕೇಳಿ ಪಡೆಯಬೇಕೆಂಬುದು ನನ್ನ ಸಲಹೆ. ನಿಜವಾದ ಪರೀಕ್ಷಕರು ಮನೆಯಲ್ಲಿದ್ದರು. ನಮ್ಮ ತಾಯಿಯವರ ತವರು ಕುಂದಗೋಳ ಸೀಮೆ. ಕೆಲವು ವರ್ಷಗಳಿಂದ ಅವರು ನಮ್ಮೊಡನೆ ಸಿನಿಮಾ ನೋಡುವುದನ್ನು ಬಿಟ್ಟಿದ್ದರು. ಆಸಕ್ತಿ ಕಡಿಮೆಯಾಯಿತೆಂದು ನಾವು ತಿಳಿದಿದ್ದೆವು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ನಾದವನ್ನು. ಸ, ಶ, ತ, ಕಗಳಂಥ ವ್ಯಂಜನಗಳು ಮಸುಕಾಗುತ್ತವೆ. ಅದರ ಮೇಲೆ ಗುಡುಗಿನ ಸದ್ದು ಕವಿದರೆ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಅವರು ಹಿಂದೆ ಸರಿದದ್ದು ಆಸಕ್ತಿ ಕುಂದಿದ್ದರಿಂದಲ್ಲ, ಪದೇಪದೇ ಕೇಳಿ ನಮಗೆ ತೊಂದರೆ ಕೊಡಬಾರದೆಂಬ ಸಂಕೋಚದಿಂದ. ಇದು ನನಗೆ ಹೊಳೆದದ್ದು ಆ ಎರಡು ದಿನಗಳಲ್ಲಿ. ತಡವಾಗಿ ಹೊಳೆಯಿತೆಂಬ ನೋವು ಇಂದಿಗೂ ಇದೆ.

ಮೊದಲ ಜೋಡಿಯಲ್ಲಿ ರಾಜಕುಮಾರರ ಹಳೆಯ ಚಿತ್ರವೊಂದನ್ನು ಹಾಕಿದೆವು. ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಿದ್ದ ತಾಯಿಯವರು, ಪಕ್ಕದ ಮನೆಯ ಬಾಗಿಲನ್ನು ಯಾರು ಬಡಿಯುತ್ತಿದ್ದಾರೆಂದು ವಿಚಾರಿಸಿದರು. ಬಾಗಿಲಲ್ಲ, ಅದು ಹಿನ್ನೆಲೆ ಸಂಗೀತ. ಎರಡನೆಯ ಜೋಡಿಯಲ್ಲಿ ಅದೇ ದೃಶ್ಯಕ್ಕೆ ಅವರು ಏನನ್ನೂ ಕೇಳಲಿಲ್ಲ. ಸಂಭಾಷಣೆಗೆ ತಕ್ಕಂತೆ ನಕ್ಕರು. ಕೊನೆಗೆ ಖಾನ್ ಸಾಹೇಬರ ಝಿಂಝೋಟಿ ಹಾಕಿದೆ. ಸೊಪ್ಪು ಸೋಸುವ ಕೈ ನಿಂತಿತು. ಮೂರು ನಿಮಿಷ ಮುಗಿದ ಮೇಲೆ ಕೈ ಮತ್ತೆ ಆಡತೊಡಗಿತು. ಮಗ ನನ್ನ ಮುಖ ನೋಡಿದ, ನಾನು ಆತನ ಮುಖ ನೋಡಿದೆ. ಬೆಲೆಯ ಪಟ್ಟಿ ನೋಡುವ ಪ್ರಸಂಗವೇ ಬರಲಿಲ್ಲ. ಸ್ಫೋಟದ ದೃಶ್ಯಗಳಿಗೆ ಮುಂದೊಂದು ದಿನ ಸಬ್‌ವೂಫರ್ ಸೇರಿಸಿಕೊಳ್ಳಬಹುದೆಂದು ಮಗನೂ ಒಪ್ಪಿದ.

ಸಹೃದಯ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಸ್ಪೀಕರ್ ಕೊಳ್ಳಲು ಹೋಗುವಾಗ ನೀವು ಚೆನ್ನಾಗಿ ಬಲ್ಲ ಒಂದು ದನಿಯನ್ನು ಜೊತೆಗೆ ಕೊಂಡೊಯ್ಯಿರಿ. ಅದು ಖಾನ್ ಸಾಹೇಬರದ್ದೇ ಆಗಬೇಕೆಂದಿಲ್ಲ, ಗಂಗೂಬಾಯಿಯವರದಾಗಲಿ, ಕಾಳಿಂಗರಾಯರದಾಗಲಿ. ಮನೆಯಲ್ಲಿ ಎಲ್ಲರಿಗಿಂತ ಕಷ್ಟಪಟ್ಟು ಕೇಳುವವರು ಯಾರೋ ಅವರನ್ನು ನಡುವೆ ಕೂರಿಸಿ, ಅವರ ಮುಖವನ್ನು ಗಮನಿಸಿರಿ. ಸ್ವರ ಸರಿಯಿದ್ದರೆ ಸಾಕು, ಸದ್ದು ಎಷ್ಟಿದ್ದರೇನು ಎಂಬಂತೆ ಬಾಳಿದ ಮಹಾನುಭಾವರು ಮಿರಜಿನ ದರ್ಗಾದ ನೆರಳಿನಲ್ಲಿ ಮಲಗಿದ್ದಾರೆ. ಆ ದಾರಿಯಲ್ಲಿ ಹೋಗುವ ನಮ್ಮ ಬಾಂಧವರು ಒಂದು ಗಳಿಗೆ ಅಲ್ಲಿ ನಿಂತು ಬರಲಿ.